ವರ್ಲಿನ್ ಒರೆಸಿದ ಡಾಲರ್

ನಮ್ಮ ವೂಸ್ಟರ್ ಊರಿನ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿದಾಗ ವರ್ಲಿನ್ ಸ್ಟೌಫರ್‌ಗೆ ಇನ್ನೂ ಮೀಸೆ ಸರಿಯಾಗಿ ಚಿಗುರಿರಲಿಲ್ಲ. ಬಿಡುವ ಹೊತ್ತಿಗೆ ತಲೆ ಬೋಳಾಗಿತ್ತು. ಹೊಳೆಯುವುದೇನು ಕೈಗೆ ಬಂದರೂ 'ಹಾ' ಎಂದು ಉಸಿರು ಬಿಟ್ಟು, ಜೇಬಿನ ಮೆತ್ತನೆಯ ಬಟ್ಟೆಯಿಂದ ಒರೆಸುವುದು ಅವನಿಗೆ ಅಂಟಿಕೊಂಡ ಚಾಳಿ. ಊಟಕ್ಕೆ ಕರೆದರೆ ನಮ್ಮ ಮನೆಯ ಚಮಚಗಳನ್ನೂ ಒರೆಸುತ್ತಿದ್ದ. ನನ್ನ ಹೆಂಡತಿ ಮುಖ ಗಂಟು ಹಾಕಿಕೊಳ್ಳುತ್ತಿದ್ದಳು.

ಆದರೆ ನಾಣ್ಯದ ವಿಷಯದಲ್ಲಿ ಅವನು ಮಹಾ ಕಟ್ಟುನಿಟ್ಟು. ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಸೇರುತ್ತಿದ್ದ ನಮ್ಮ ನಾಣ್ಯ ಸಂಘಕ್ಕೆ ಅವನೇ ಅಧ್ಯಕ್ಷ. ಅವನಿಗೆ ಪ್ರಿಯವಾದದ್ದು ಹಳೆಯ ಪ್ರೂಫ್ ನಾಣ್ಯಗಳು. ಇವು ಸಂತೆಪೇಟೆಯ ಚಲಾವಣೆಗಲ್ಲ. ಸಂಗ್ರಾಹಕರಿಗೆಂದೇ ಟಂಕಸಾಲೆಯವರು ಹೊಳಪಿಟ್ಟ ಅಚ್ಚಿನಲ್ಲಿ ಒತ್ತಿ, ವರ್ಷಕ್ಕೊಂದು ಕಟ್ಟಾಗಿ ಮಾರುತ್ತಿದ್ದಂಥವು. ಮೈಯೆಲ್ಲ ಕನ್ನಡಿ. ಒಮ್ಮೆ ಬಟ್ಟೆ ತಾಗಿಸಿದರೆ ಕೂದಲೆಳೆಯಂಥ ಗೀರುಗಳು ಬೀಳುತ್ತವೆ, ಮತ್ತೆ ಹೋಗುವುದಿಲ್ಲ. ವೇಯ್ನ್ ಎಂಬ ಹೈನುಗಾರ ಒಮ್ಮೆ ಅಡುಗೆ ಸೋಡಾದಲ್ಲಿ ತೊಳೆದ ನಾಣ್ಯ ತಂದಿದ್ದ. ವರ್ಲಿನ್ ಅದನ್ನು ಎಲ್ಲರೆದುರು ಎತ್ತಿ ಹಿಡಿದು, "ಇದನ್ನ ತಗೊಂಡ್ಹೋಗಿ ಸಿಗರೇಟ್ ಮಷೀನಿಗೆ ಹಾಕಪ್ಪ, ಇನ್ನೆಲ್ಲೂ ನಡೆಯಲ್ಲ" ಎಂದ. ನಾವೆಲ್ಲ ನಕ್ಕೆವು. ವೇಯ್ನ್ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದ.

ವರ್ಲಿನ್‌ಗೆ ಈ ಹುಚ್ಚು ಹಚ್ಚಿಸಿದವರು ಹಾರ್ಲನ್ ಬ್ರೆನ್ನರ್. ಅವರ ಅಜ್ಜ ಫಿಲಡೆಲ್ಫಿಯಾದ ಟಂಕಸಾಲೆಯಿಂದಲೇ ತರಿಸಿದ ೧೮೮೬ರ ಕಟ್ಟು ಅವರ ಮನೆಯಲ್ಲಿತ್ತು. ಒಂದು ಸೆಂಟಿನಿಂದ ಬೆಳ್ಳಿ ಡಾಲರ್‌ವರೆಗೆ ಏಳು ನಾಣ್ಯ, ಮಖಮಲ್ಲಿನ ಪೆಟ್ಟಿಗೆಯಲ್ಲಿ. ಕೊನೆಗಾಲದಲ್ಲಿ ಹಾರ್ಲನ್‌ಗೆ ಮರೆವಿನ ಕಾಯಿಲೆ ಬಂದು, ಹೆಂಡತಿಯ ಹೆಸರೂ ತಪ್ಪಿಹೋಗಿತ್ತು. ಅವರು ತೀರಿಕೊಂಡ ಮೇಲೆ, ಕಟ್ಟಿಗೆ ನೂರು ವರ್ಷ ತುಂಬಿದ ಶರತ್ಕಾಲದಲ್ಲಿ, ಹೆಂಡತಿ ಓರ್ಫಾ ಅದನ್ನು ಸಂಘದ ಪ್ರದರ್ಶನಕ್ಕೆ ಕೊಡಲು ಒಪ್ಪಿದರು. ಬೇರೆ ಯಾರ ಕೈಗೂ ಕೊಡುವುದಿಲ್ಲ, ವರ್ಲಿನ್ ಆದರೆ ಮಾತ್ರ ಎಂದರು.

ಅವನು ಅದನ್ನು ಮನೆಗೆ ತಂದು, ಗಾಜಿನ ಚೌಕಟ್ಟಿನಲ್ಲಿ ಜೋಡಿಸುತ್ತ ಕುಳಿತಿದ್ದ. ಡಾಲರ್ ಅಂಚು ಹಿಡಿದು ಬೆಳಕಿಗೆ ತಿರುಗಿಸಿದಾಗ ಅದರ ಮೇಲಿನ ಸ್ವಾತಂತ್ರ್ಯದೇವಿಯ ಕೆನ್ನೆಯ ಪಕ್ಕ ಮಬ್ಬು ಕಂಡಿತು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅತ್ತ ನೋಡುತ್ತಲೇ ಅವನು 'ಹಾ' ಎಂದು ಉಸಿರು ಬಿಟ್ಟಿದ್ದ, ಬಟ್ಟೆ ಎರಡು ಸುತ್ತು ತಿರುಗಿಯೂ ಆಗಿತ್ತು. ಆಮೇಲೆ ಭೂತಗನ್ನಡಿ ಹಿಡಿದು ನೋಡಿದ. ಕನ್ನಡಿಯಂಥ ಮೈತುಂಬ ಗೀರು. ಫೋನ್ ಬಡಿದುಕೊಂಡು ಬಡಿದುಕೊಂಡು ತಾನೇ ಸುಮ್ಮನಾಯಿತಂತೆ.

ಯಾರಿಗೂ ಹೇಳಲಿಲ್ಲ. ನೋಡುವವರು ಗಾಜಿನಾಚೆಯಿಂದ ತಾನೇ ನೋಡುವುದು ಎಂದುಕೊಂಡ. ಆದರೆ ಪ್ರದರ್ಶನದ ದಿನ ಕೊಲಂಬಸ್‌ನಿಂದ ಬಂದ ತೀರ್ಪುಗಾರ ಚೌಕಟ್ಟು ತೆರೆಸಿ, ಡಾಲರನ್ನು ದೀಪಕ್ಕೆ ಒಡ್ಡಿ, ಇದನ್ನು ಯಾರೋ ಒರೆಸಿದ್ದಾರಲ್ಲ ಎಂದುಬಿಟ್ಟ.

ಓರ್ಫಾ ಅಲ್ಲೇ ನಿಂತಿದ್ದರು. "ನಮ್ಮೆಜಮಾನ್ರೇ ಇರ್ಬೇಕು" ಎಂದರು ಮೆಲ್ಲಗೆ. "ಕೊನೇಗೆ ಅವ್ರಿಗೆ ಏನ್ ಮಾಡ್ತಿದೀನಿ ಅಂತ ಗೊತ್ತಾಗ್ತಿರ್ಲಿಲ್ಲ." ಆಮೇಲೆ ವರ್ಲಿನ್ ಕಡೆ ತಿರುಗಿ, "ನಿಂಗೆ ಮೊದಲೇ ಕಂಡಿರತ್ತೆ. ನಂಗೆ ಬೇಜಾರಾಗತ್ತೆ ಅಂತ ಹೇಳ್ಲಿಲ್ಲ ಅಲ್ವಾ?" ಎಂದು ಅವನ ತೋಳು ಮುಟ್ಟಿದರು.

ವರ್ಲಿನ್ ಹೌದೆಂದು ತಲೆಯಾಡಿಸಿದ. ಪಕ್ಕದಲ್ಲಿದ್ದ ನಾನು ಅದನ್ನು ದೊಡ್ಡತನ ಎಂದುಕೊಂಡೆ.

ಅವತ್ತಿನಿಂದ ಅವನು ಸೊರಗಿದ. ಸಂಘಕ್ಕೆ ಬರುವುದು ಬಿಟ್ಟ. ನಾಣ್ಯ ಒರೆಸಿದ್ದಕ್ಕಿಂತ ಆ ತಲೆಯಾಡಿಸಿದ್ದು ತನ್ನನ್ನು ಸುಟ್ಟಿತು ಎಂದು ಮುಂದೆ ನನ್ನಲ್ಲಿ ಹೇಳಿಕೊಂಡ. ಕನ್ನಡಿ ಮುಂದೆ ನಿಂತು ಗಡ್ಡ ಹೆರೆಯಲೂ ಹೇಸಿಗೆಯಾಗುತ್ತಿತ್ತಂತೆ. ತನಗೆ ಬೆರಳು ಹಿಡಿದು ಕಲಿಸಿದ ಮನುಷ್ಯ ಮಣ್ಣಿನಡಿ ಮಲಗಿದ್ದಾಗ ತನ್ನ ತಪ್ಪನ್ನು ಅವರ ತಲೆಗೆ ಕಟ್ಟಿ ಕೂತಿದ್ದ. ಕೊನೆಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ ತನ್ನ ಸಂಗ್ರಹದ ೧೮೮೬ರ ಡಾಲರ್ ಹಿಡಿದು ಓರ್ಫಾ ಮನೆಗೆ ಹೋದ. ಅವರು ಕುಂಬಳದ ಪೈಗೆ ಹಿಟ್ಟು ಲಟ್ಟಿಸುತ್ತಿದ್ದರು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದ.

ಓರ್ಫಾ ಲಟ್ಟಣಿಗೆ ನಿಲ್ಲಿಸಲಿಲ್ಲ. ಹಿಟ್ಟು ತೆಳ್ಳಗಾಗಿ ಹರಿಯುವವರೆಗೂ ಲಟ್ಟಿಸಿದರು. "ಅವತ್ತಿಂದ ನಾನು ಅವ್ರ ಸಮಾಧಿ ಕಡೆ ಹೋಗಿಲ್ಲ ವರ್ಲಿನ್" ಎಂದರು. "ನಿಮ್ಮಜ್ಜನ ಒಡವೆ ಹಾಳ್ ಮಾಡಿದ್ರಿ ಅಂತ ಸತ್ತವ್ರ ಮೇಲೆ ಸಿಟ್ ಮಾಡ್ಕೊಂಡಿದೀನಿ. ನೀನು ಮಾಡ್ಸಿದ್ದು."

"ತಪ್ಪಾಯ್ತು, ಮಿಸೆಸ್ ಬ್ರೆನ್ನರ್. ಇದು ನನ್ನ ಡಾಲರ್. ಇದರಲ್ಲಿ ಗೀರಿಲ್ಲ. ಇದನ್ನ ಇಟ್ಕೊಳ್ಳಿ."

"ಅದನ್ನ ಹಾರ್ಲನ್ ನೋಡಿರ್ಲಿಲ್ಲ. ನಂಗೆ ಬೇಡ. ನನ್ನ ಹತ್ರ ಹೇಳಿದ್ದನ್ನ ಅವತ್ತು ನನ್ನ ಮಾತು ಕೇಳಿಸ್ಕೊಂಡೋರೆಲ್ಲರ ಹತ್ರ ಹೇಳು."

ಮುಂದಿನ ಸಭೆಯಲ್ಲಿ ವರ್ಲಿನ್ ಎದ್ದು ನಿಂತು ಹೇಳಿದ. ಓರ್ಫಾ ಮುಂದಿನ ಸಾಲಿನಲ್ಲಿ ಕೋಟೂ ತೆಗೆಯದೆ ಕೂತಿದ್ದರು. ವೇಯ್ನ್‌ನನ್ನೂ ಅವನೇ ಹೋಗಿ ಕರೆದು ತಂದಿದ್ದ. ಯಾರೂ ನಗಲಿಲ್ಲ, ನಕ್ಕಿದ್ದರೇ ಅವನಿಗೆ ಹಗುರವಾಗುತ್ತಿತ್ತೋ ಏನೋ. ಅಧ್ಯಕ್ಷಗಿರಿ ಬಿಡುತ್ತೇನೆ, ಸಂಘವನ್ನೂ ಬಿಡುತ್ತೇನೆ ಎಂದ. ಅಧ್ಯಕ್ಷಗಿರಿ ಬಿಡಲಿ, ಸಂಘ ಬಿಡುವುದು ಬೇಡ ಎಂದವರು ಓರ್ಫಾ. ಪ್ರತಿ ವರ್ಷ ಆ ಕಟ್ಟನ್ನು ಪ್ರದರ್ಶನಕ್ಕೆ ತರುತ್ತೇನೆ, ಒರೆಸಿದರೆ ಏನಾಗುತ್ತದೆಂದು ಹೊಸಬರಿಗೆ ಅವನೇ ತೋರಿಸಬೇಕು ಎಂದರು. ಅದು ಶಿಕ್ಷೆಯೋ ದಯೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ಅವನನ್ನು ಮತ್ತೆ ಊಟಕ್ಕಂತೂ ಕರೆಯಲಿಲ್ಲ.

ಬದುಕಿರುವವರೆಗೂ ವರ್ಲಿನ್ ಒಂದು ವರ್ಷವೂ ತಪ್ಪಿಸಲಿಲ್ಲ. ಬಟ್ಟೆ ಇಟ್ಟುಕೊಳ್ಳುವುದು ಬಿಟ್ಟಿದ್ದ. ಆ ಮೇಜಿನ ಹಿಂದೆ ನಿಂತಾಗೆಲ್ಲ ಕಿವಿಯ ತುದಿ ಕೆಂಪಾಗಿರುತ್ತಿತ್ತು. ಒಂದು ಸಲ ಆಕ್ರನ್ ಕಡೆಯ ಹೆಂಗಸೊಬ್ಬಳು, ಇಷ್ಟು ಚೆಂದದ ನಾಣ್ಯಕ್ಕೆ ಯಾವ ದಡ್ಡ ಕೈ ಹಾಕಿದ ಎಂದು ಕೇಳಿದಳು.

"ನಾನೇ" ಎಂದ ವರ್ಲಿನ್. ಅವಳು ಪಕ್ಕದ ಮೇಜಿಗೆ ಸರಿದಳು.