ಒಡ್ಡಿನ ಕೆಳಗಿನ ಮನೆ

ಬದಾಮಿ ಸ್ಟೇಶನ್ನಿನಲ್ಲಿ ಇಳಿದಾಗ ಬೆಳಿಗ್ಗೆ ಎಂಟು ಗಂಟೆ ಎಂದು ನನ್ನ ಟಿಪ್ಪಣಿ ಹೇಳುತ್ತದೆ. ಟಿಪ್ಪಣಿ ಬರೆದದ್ದು ಎರಡು ದಿನ ಕಳೆದ ಮೇಲೆ, ಒಂಬತ್ತೂ ಆಗಿದ್ದೀತು. ಕುಂದಾಪುರ ಬಿಟ್ಟು ಅದು ಆರನೆಯ ದಿನ. ಗೋವೆಯವರೆಗೆ ಹಡಗು, ಹುಬ್ಬಳ್ಳಿಗೆ ರೈಲು, ಗದಗಿನಲ್ಲಿ ಇನ್ನೊಂದು ಗಾಡಿ. ಹಡಗಿನಲ್ಲಿ ವಾಂತಿ ಮಾಡಿದ್ದು ಮಾತ್ರ ಸಂಶಯವಿಲ್ಲದೆ ನೆನಪಿದೆ.

ನಮ್ಮ ಊರಿಗೆ ಮೂರು ಕಡೆ ಹಿನ್ನೀರು, ಅದರಾಚೆ ಮರಳಿನ ದಿಬ್ಬ, ಅದರಾಚೆ ಕಡಲು. ಎರಡು ಮಳೆಗಾಲದಿಂದ ಉಬ್ಬರದ ನೀರು ಕೆಳಗಿನ ಕೇರಿಗೆ ನುಗ್ಗುತ್ತಿದೆ. ನನ್ನ ಮನೆ ಆ ಕೇರಿಯಲ್ಲೇ ಇದೆ. ನನ್ನ ಬಾವಿಯ ನೀರು ಈಗ ಉಪ್ಪು. ಊರಿನ ಹಿರಿಯರು ಸುತ್ತಲೂ ಒಡ್ಡು ಹಾಕಿಸುವುದೆಂದು ನಿಶ್ಚಯಿಸಿ ತಮ್ಮಲ್ಲೇ ಒಬ್ಬರಿಂದ ನಕ್ಷೆ ಬರೆಸಿದರು. ಕೆರೆಯ ಒಡ್ಡು ಕಟ್ಟಿ ಪಳಗಿದವರು ಬಯಲುಸೀಮೆಯಲ್ಲಿದ್ದಾರೆ, ಅವರನ್ನು ಗೊತ್ತುಮಾಡಿ ಬಾ ಎಂದು ನನ್ನನ್ನು ಕಳಿಸಿದರು. ನಾನು ಶಾಲೆಯ ಮಾಸ್ತರ. ಒಡ್ಡಿನ ವಿಷಯ ತಿಳಿದವರನ್ನು ಯಾಕೆ ಕಳಿಸಲಿಲ್ಲ ಎಂಬ ಅನುಮಾನ ಹಡಗು ಹತ್ತಿದಾಗಲೇ ಬಂದಿತ್ತು.

ಸ್ಟೇಶನ್ನಿನಿಂದ ಊರಿಗೆ ಮೂರು ಮೈಲಿ, ಟಾಂಗಾಕ್ಕೆ ನಾಲ್ಕಾಣೆ. ಕೆಂಪು ಬಂಡೆಗಳ ನಡುವಿನ ಹೊಂಡವನ್ನೂ ಅದರ ಒಡ್ಡನ್ನೂ ನೋಡಿದೆ. ಎಷ್ಟು ಹಳೆಯದು ಎಂದು ಮೂವರನ್ನು ಕೇಳಿದೆ, ಮೂವರೂ ಬೇರೆ ಬೇರೆ ಹೇಳಿದರು. ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು ಮಾತ್ರ, "ನಾ ಹುಟ್ಟಿದಾಗ್ಲೂ ಇತ್ತು ನೋಡ್ರಿ," ಎಂದಳು. ನಾನು ಬರೆದುಕೊಂಡದ್ದು ಅವಳ ಮಾತನ್ನು.

ಒಡ್ಡು ಕಟ್ಟುವವರಲ್ಲಿ ಇಳಕಲ್ಲಿನ ಕಡೆಯ ಹನಮಪ್ಪನೇ ಸರಿ ಎಂದು ಊರಿನಲ್ಲಿ ಹೇಳಿದರು. ಮರುದಿನ ಖಾದರಸಾಬನ ಎತ್ತಿನ ಗಾಡಿ ಹಿಡಿದು ಹುನಗುಂದದ ಕಡೆ ಹೊರಟೆ. ಮಾರ್ಗಶಿರದ ಚಳಿ, ಹತ್ತು ಗಂಟೆಯ ಮೇಲೆ ಮಾತ್ರ ಬಿಸಿಲು ಚುರುಗುಟ್ಟಿತು. ಗುಳೇದಗುಡ್ಡದಲ್ಲಿ ಮನೆಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಅಲ್ಲಿಂದ ಮುಂದೆ ಎರಡೂ ಕಡೆ ಕರಿಮಣ್ಣು, ಎದೆಯೆತ್ತರದ ಜೋಳ. ಈ ನೆಲದಲ್ಲಿ ನೀರಿನ ವಿದ್ಯೆ ಕಲಿತವರಿರುತ್ತಾರೆಯೇ?

"ಮಾಸ್ತರ್ರ, ನೀವು ಪುಸ್ತಕ ಓದಿದಂಗ ಮಾತಾಡ್ತೀರಿ," ಎಂದ ಖಾದರಸಾಬ. "ಮನ್ಯಾಗೂ ಹಿಂಗ ಏನ್ರಿ? ಹೆಂಡರು ಏನಂತಾರ?"

ಮನೆಯಲ್ಲಿ ಬೇರೆ ಬಗೆ ಎಂದೆ. ನಮ್ಮ ಆಡುಮಾತಿನಲ್ಲಿ ಎರಡು ವಾಕ್ಯ ಹೇಳಿಸಿ ಕೇಳಿದ. ಆಮೇಲೆ ಎತ್ತುಗಳ ಕಡೆ ತಿರುಗಿ, "ಪುಸ್ತಕಾನ ಛಲೋ," ಎಂದ.

ಐಹೊಳೆಯಲ್ಲಿ ತಂಗಿ ಮೂರನೆಯ ದಿನ ಹುನಗುಂದ ದಾಟಿದೆವು. ಇಳಕಲ್ಲಿಗೆ ಇನ್ನೆರಡು ಮೈಲಿಯಿದ್ದಾಗ ಒಂದು ಕೆರೆ ಸಿಕ್ಕಿತು. ಅದರ ಹೊಸ ಒಡ್ಡಿನ ಬುಡದಲ್ಲಿ, ನೀರಿಲ್ಲದ ಕಡೆ, ಒಂದೇ ಒಂದು ಗುಡಿಸಲು. ಒಡ್ಡು ಒಡೆದರೆ ಮೊದಲು ಕೊಚ್ಚಿಹೋಗುವ ಜಾಗ. ನಾನು ಹುಡುಕಿ ಬಂದ ಹನಮಪ್ಪ ಇದ್ದದ್ದು ಅಲ್ಲಿಯೇ.

"ಕಟ್ಟಿದಾವ ಮೊದಲನೇ ಮಳಿಗಾಲ ಒಡ್ಡಿನ ಕೆಳಗ ಇರಬೇಕ್ರಿ, ಹೆಂಡ್ರು ಮಕ್ಕಳು ಸಮೇತ," ಎಂದ. ಅರವತ್ತರ ಆಸುಪಾಸು, ಒಣಗಿದ ಮೈ. "ನಮ್ಮ ಮಂದಿಯೊಳಗ ಹಂಗ ಪದ್ಧತಿ. ಈ ಸಲದ ಮಳಿ ಮುಗೀತು, ಇನ್ನ ಗುಡಿಸಲಾ ಕೀಳತೇನಿ."

ಹೊರಗಿನವರಿಗೆ ಹೇಳಲು ಇಟ್ಟುಕೊಂಡ ಕಥೆ ಎಂದುಕೊಂಡೆ. ಆದರೆ ಒಲೆಯ ಹಿಂದಿನ ಗೋಡೆಗೆ ಮಳೆಗಾಲವಿಡೀ ಕೂತ ಹೊಗೆಯ ಮಸಿಯಿತ್ತು.

ನಕ್ಷೆ ಬಿಚ್ಚಿದೆ. ಅವನಿಗೆ ಓದಲು ಬಾರದು. ಗೆರೆಗಳ ಮೇಲೆ ಬೆರಳಾಡಿಸಿದ.

"ನೀರು ಯಾವ ಕಡೀಗೆ?"

"ಮೂರು ಕಡೆ. ಅದೂ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ."

"ಮಳಿ ಇಲ್ದಾಗೂ?"

"ಮಳೆ ಇಲ್ಲದಾಗಲೂ."

ಅವನು ಖಾದರಸಾಬನ ಮುಖ ನೋಡಿದ. "ಹಂಗಾರ ಯಾರೋ ಮ್ಯಾಲಿಂದ ಬಿಡಾಕತ್ತಾರ. ತೂಬಿನ ಕೀಲಿ ಯಾರ ಕೈಯಾಗ ಐತಿ?"

ಯಾರ ಕೈಯಲ್ಲೂ ಇಲ್ಲ, ಕಡಲಿನ ನೀರು ತಾನಾಗಿ ಏರುತ್ತದೆ ಎಂದೆ.

"ಮತ್ತ ಜಗಳ ಯಾರ ಕೂಡ ಮಾಡ್ತೀರಿ?"

ಖಾದರಸಾಬ ನಕ್ಕ. ಹನಮಪ್ಪ ನಗಲಿಲ್ಲ. ನಾನು ಸುಳ್ಳು ಹೇಳುತ್ತಿದ್ದೇನೆ, ಮೇಲಿನ ಯಾವುದೋ ಊರಿನ ವ್ಯಾಜ್ಯಕ್ಕೆ ಅವನನ್ನು ಸಿಕ್ಕಿಸುತ್ತೇನೆ ಎಂದು ಅವನ ಗುಮಾನಿ. ನನಗೂ ಅವನ ಮೇಲೆ ಅಷ್ಟೇ ಗುಮಾನಿ: ಉಬ್ಬರವನ್ನೇ ಅರಿಯದವನು ಕಡಲಿಗೆ ಒಡ್ಡು ಕಟ್ಟುವನೇ?

ಅವನ ಹೆಂಡತಿ ದುರಗವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು: "ನಿಮ್ಮೂರಾಗ ಮಳಿ ಎಷ್ಟ್ರಿ?"

ಆಷಾಢದಲ್ಲಿ ಒಮ್ಮೊಮ್ಮೆ ವಾರಗಟ್ಟಲೆ ಬಿಡುವುದಿಲ್ಲ ಎಂದೆ.

ಅವಳು ಹಿಟ್ಟಿನ ಪರಾತ ಖಾಲಿ ಮಾಡಿ ನನ್ನ ಮುಂದಿಟ್ಟಳು. ಒಂದು ತಂಬಿಗೆ ನೀರು ಅದರೊಳಗೆ ಸುರಿದಳು. "ಇದರ ಅಂಚು ನಿಮ್ಮ ಒಡ್ಡು. ಹೊರಗಿನ ನೀರು ಒಳಗ ಬರಂಗಿಲ್ಲ, ಖರೆ. ಮ್ಯಾಲಿನ ನೀರು ಎಲ್ಲಿಗೆ ಹೋಗಬೇಕು? ತೂಬು ಎಲ್ಲೈತಿ?"

ನಕ್ಷೆಯಲ್ಲಿ ಎಲ್ಲೂ ತೂಬಿರಲಿಲ್ಲ. ಬಂದ ದಾರಿಯುದ್ದಕ್ಕೂ ಆ ನಕ್ಷೆ ನನ್ನ ಚೀಲದಲ್ಲಿತ್ತು. ನಾನೊಮ್ಮೆಯೂ ಅದರಲ್ಲಿ ತೂಬು ಹುಡುಕಿರಲಿಲ್ಲ.

"ಮಾಸ್ತರ್ರ, ನೀವು ಊರು ಕಾಯಾಕತ್ತಿಲ್ಲ. ಕೆರಿ ಕಟ್ಟಾಕತ್ತೀರಿ," ಎಂದ ಹನಮಪ್ಪ. "ನಾ ಬಂದ್ರ ನನ್ನ ಗುಡಿಸಲಾ ಎಲ್ಲಿ ಬರತೈತಿ?"

ಒಡ್ಡಿನ ಒಳಗಡೆ, ಎಲ್ಲಕ್ಕಿಂತ ತಗ್ಗಿನ ಜಾಗವನ್ನು ತೋರಿಸಿದೆ. ಅದು ನಮ್ಮ ಕೇರಿ, ನನ್ನ ಹಿತ್ತಿಲು.

"ಇದನ್ನ ಬರದಾವನ ಮನಿ?"

ನನ್ನ ಬೆರಳು ಕಾಗದದಿಂದ ಹೊರಗೆ ಹೋಯಿತು. ಆ ಮಹನೀಯರ ಮನೆ ಗುಡ್ಡದ ಮೇಲೆ. ನಕ್ಷೆ ಅಲ್ಲಿಯವರೆಗೆ ಮುಟ್ಟುವುದಿಲ್ಲ.

ಊಟಕ್ಕೆ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಕೈ ತೊಳೆದ ಮೇಲೆ ಹನಮಪ್ಪ ತನ್ನ ಕರಾರು ಹೇಳಿದ. ತೂಬಿಗೆ ಜಾಗ ಗುರುತಿಸಬೇಕು. ಹೊರಗಿನ ನೀರು ಏರಿದಾಗ ತಾನೇ ಮುಚ್ಚಿ, ಇಳಿದಾಗ ತಾನೇ ತೆರೆಯುವ ಬಾಗಿಲನ್ನು ಆ ಏರಿಳಿತ ಕಣ್ಣಾರೆ ಕಂಡ ಮೇಲೆ ಯೋಚಿಸುತ್ತಾನೆ. ಮೊದಲ ಮಳೆಗಾಲಕ್ಕೆ ಅವನೂ ದುರಗವ್ವನೂ ನನ್ನ ಹಿತ್ತಿಲಲ್ಲಿ ಇರುತ್ತಾರೆ. ನಕ್ಷೆ ಬರೆದವರೂ ಮನೆಮಂದಿಯೊಡನೆ ಅದೇ ಕೇರಿಗೆ ಬಂದು ಇರಬೇಕು.

"ಅವರು ಒಪ್ಪಲಿಕ್ಕಿಲ್ಲ," ಎಂದೆ.

"ಒಪ್ಪಲಿಲ್ಲಂದ್ರ ನಿಮಗ ಗೊತ್ತಾತಲ್ಲ," ಎಂದಳು ದುರಗವ್ವ. "ಕೇಳ್ತೀರೋ ಇಲ್ಲೋ, ಅಷ್ಟ ಹೇಳ್ರಿ."

ಇಲ್ಲಿ ನನ್ನ ನೆನಪನ್ನು ನಂಬಬೇಡಿ. ಎದೆ ತಟ್ಟಿ "ಕೇಳುತ್ತೇನೆ" ಎಂದ ಹಾಗೆ ಅದು ಈಗಾಗಲೇ ತಿದ್ದಿಕೊಂಡಿದೆ. ನಾನು ಹೇಳಿದ್ದು, "ನೋಡೋಣ." ಖಾದರಸಾಬ ಸಾಕ್ಷಿ. ಬಾಗಲಕೋಟೆ ಮುಟ್ಟುವ ಎರಡು ದಿನವೂ ಅವನು ನನ್ನೊಡನೆ ತಮಾಷೆ ಮಾಡಲಿಲ್ಲ.

ಬಾಗಲಕೋಟೆಯಲ್ಲಿ ಗದಗಿನ ಗಾಡಿಗೆ ಎರಡು ತಾಸಿತ್ತು. ಗುಡ್ಡದ ಮೇಲಿನವರ ಎದುರು ಕುಳಿತು ಅವರ ಮನೆಯ ಚಹ ಕುಡಿಯುವಾಗ ನಾನು ಯಾವ ಮಾತು ನುಂಗುತ್ತೇನೆಂದು ನನಗೆ ಚೆನ್ನಾಗಿ ಗೊತ್ತು. ಟಪ್ಪಾಲು ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಕರಾರನ್ನೆಲ್ಲ ಹನಮಪ್ಪ ಹೇಳಿದ ಕ್ರಮದಲ್ಲೇ ಬರೆದೆ. ಕೊನೆಗೆ, ತೂಬಿಲ್ಲದೆ ಒಡ್ಡು ಎದ್ದರೆ ಮೊದಲು ಮುಳುಗುವುದು ನನ್ನ ಮನೆ ಎಂದು ಸೇರಿಸಿ ಸಹಿ ಹಾಕಿದೆ. ಒಂದು ಪ್ರತಿ ಹಿರಿಯರಿಗೆ, ಇನ್ನೊಂದು ಕೆಳಗಿನ ಕೇರಿಯಲ್ಲಿ ಗಟ್ಟಿಯಾಗಿ ಓದಿಸಲು ನನ್ನ ಹೆಂಡತಿಗೆ. ಎರಡೂ ಲಕೋಟೆಗಳನ್ನು ಅಂಚೆಪೆಟ್ಟಿಗೆಗೆ ಹಾಕಿದೆ. ಗಾಡಿ ಬಂದಾಗ ಟಪ್ಪಾಲಿನ ಚೀಲಗಳನ್ನು ಮುಂದಿನ ಡಬ್ಬಿಗೆ ಏರಿಸುವುದನ್ನು ನಿಂತು ನೋಡಿದೆ. ಆಮೇಲೆ ಹಿಂದಿನ ಡಬ್ಬಿಯನ್ನು ನಾನು ಹತ್ತಿದೆ.