ಎರಡನೆಯ ಡಬ್ಬಿ

ಎದುರುಮನೆ ಅಕ್ಕನ ಎಡಗೈಯ ಉಂಗುರ ಬೆರಳು ಸದಾ ಮಡಿಚಿಕೊಂಡೇ ಇರುತ್ತಿತ್ತು. ಸಾರು ನೀರಾಗಿದೆ ಎಂದು ಗಂಡ ಲಟ್ಟಣಿಗೆಯಿಂದ ಹೊಡೆದು ಮುರಿದ ಬೆರಳು ಅದು. ಅವನು ಸತ್ತು ವರ್ಷಗಳಾಗಿದ್ದವು, ಬೆರಳು ನೆಟ್ಟಗಾಗಿರಲಿಲ್ಲ. ಅದೇ ಕೈಯಲ್ಲಿ ಅವರು ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯೊಂದರಲ್ಲಿ ಸೀರೆಗಳಿಗೆ ಫಾಲ್ಸ್ ಹೊಲಿಯುತ್ತಿದ್ದರು.

ಮದುವೆಯಾಗಿ ಹಲಸೂರಿನ ಆ ವಠಾರಕ್ಕೆ ನಾನು ಬಂದ ಹೊಸತು. ಗಂಡನ ಆಫೀಸು ದೊಮ್ಮಲೂರಿನಲ್ಲಿ. ತರಕಾರಿಗೆ ಕೊಡಲು ಕೈ ಬಿಗಿ, ಆದರೆ ಅವನ ಊಟದ ಡಬ್ಬಿಯಲ್ಲಿ ದಿನಕ್ಕೊಂದು ಬಗೆ ಇರಲೇಬೇಕು. ವಾರದಲ್ಲಿ ಎರಡು ಸಲ ಚಿತ್ರಾನ್ನ ಕಂಡು ಜೊತೆಯವರು ನಕ್ಕರೆ, ಸಂಜೆ ಅದನ್ನೆಲ್ಲ ನನ್ನ ಮೈಮೇಲೆ ತೀರಿಸಿಕೊಳ್ಳುತ್ತಿದ್ದ. ಒಮ್ಮೆ ನಲ್ಲಿಯ ಹತ್ತಿರ ಅಕ್ಕ ನನ್ನ ಊದಿದ ಕೆನ್ನೆ ನೋಡಿದರು. ಬಚ್ಚಲಲ್ಲಿ ಜಾರಿಬಿದ್ದೆ ಎಂದೆ.

“ಸಾರಿಗಾ, ಪಲ್ಯಕ್ಕಾ?” ಎಂದು ಕೇಳಿದರು.

“ಚಿತ್ರಾನ್ನಕ್ಕೆ ಅಕ್ಕ,” ಎಂದೆ. ಅಳು ತಡೆಯಲಾಗಲಿಲ್ಲ.

ಮರುದಿನದಿಂದಲೇ ಪಾಠ ಶುರುವಾಯಿತು. ಹೀರೇಕಾಯಿಯ ತಿರುಳು ಒಂದು ದಿನ ಕೂಟಿಗಾದರೆ ಸಿಪ್ಪೆ ಮರುದಿನ ಚಟ್ನಿಗೆ. ಅನ್ನಕ್ಕೆ ಕಲಸಿದರೆ ಅದೇ ಒಂದು ಊಟ. ಮೂಲಂಗಿ ಸೊಪ್ಪನ್ನು ಎಸೆಯದೆ ಪಲ್ಯ ಮಾಡಿ ರಾಗಿ ರೊಟ್ಟಿಯ ಜೊತೆ ಕಟ್ಟುವುದು. ಉಳಿದ ಚಪಾತಿಯನ್ನು ಹರಿದು ಈರುಳ್ಳಿ ಹಾಕಿ ಒಗ್ಗರಿಸುವುದು. ಹುರುಳಿ ಬೇಯಿಸಿದರೆ ಕಟ್ಟು ಸಾರಿಗೆ, ಕಾಳು ಉಸಲಿಗೆ. ಅಕ್ಕ ಮೆಲ್ಲಗೆ ಅಡುಗೆ ಮಾಡಿದವರೇ ಅಲ್ಲ, ಅವರು ಕುಟ್ಟಾಣಿಯಲ್ಲಿ ಬೆಳ್ಳುಳ್ಳಿ ಜಜ್ಜಿದರೆ ನಮ್ಮ ಮನೆಗೆ ಕೇಳಿಸುತ್ತಿತ್ತು. “ಅವನ ಮುಖ ನೆನೆಸ್ಕೊಂಡು ಕುಟ್ಟು ಕಣೇ, ರುಚಿ ಬರುತ್ತೆ,” ಎನ್ನುತ್ತಿದ್ದರು.

ರುಚಿಯೇನೋ ಬಂತು, ಏಟು ನಿಲ್ಲಲಿಲ್ಲ. ಉಪ್ಪಿಗೆ ಬಿತ್ತು, ಸಡಿಲ ಮುಚ್ಚಳಕ್ಕೆ ಬಿತ್ತು, ಸುಮ್ಮನಿದ್ದುದಕ್ಕೂ ಬಿತ್ತು. ಒಮ್ಮೆ ಕಾದ ಸೌಟಿನಿಂದ ತೋಳು ಸುಟ್ಟ. ಅಕ್ಕ ಮುಲಾಮು ಹಚ್ಚುತ್ತಾ ಹೇಳಿದರು, “ನೂರು ಥರ ಮಾಡ್ಕೊಟ್ರೂ ಅವನು ಹೊಡೀತಾನೆ. ತಪ್ಪು ಅಡುಗೇದಲ್ಲ. ನೀನೂ ಒಂದು ಡಬ್ಬಿ ಕಟ್ಕೊಂಡು ಕೆಲ್ಸಕ್ಕೆ ಹೋಗು.”

ಅಂಗಡಿಗೆ ಬರುವ ಗಿರಾಕಿಯೊಬ್ಬರನ್ನು ಹಿಡಿದು ಇಂದಿರಾನಗರದ ಕಚೇರಿಯಲ್ಲಿ ನನಗೆ ಕೆಲಸವನ್ನೂ ಕೊಡಿಸಿದರು. ಗಂಡ ಹೊರಟ ಮೇಲೆ ಹೋಗಿ, ಅವನು ಬರುವ ಮೊದಲೇ ಬರುತ್ತಿದ್ದೆ. ತವರಿನಿಂದ ತಂದ, ನನ್ನ ಹೆಸರು ಕೊರೆದ ಎರಡಂತಸ್ತಿನ ಡಬ್ಬಿಯನ್ನು ಅಕ್ಕನ ಮನೆಯಲ್ಲೇ ಇಡುತ್ತಿದ್ದೆ. ಊಟವಾದ ಮೇಲೆ ಅದನ್ನು ತೊಳೆದು, ಮೇಲಿನ ಅಂತಸ್ತಿನಲ್ಲಿ ಆಫೀಸಿನ ಐಡಿ ಕಾರ್ಡ್ ಅಡಗಿಸುತ್ತಿದ್ದೆ.

ಒಂದು ಶನಿವಾರ ಅಕ್ಕನಿಗೆ ಬಟ್ಟಲಲ್ಲಿ ಪಲ್ಯ ಕೊಟ್ಟಿದ್ದೆ. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬುದು ವಠಾರದ ರೂಢಿ. ಭಾನುವಾರ ಪಾಯಸ ಮಾಡಿದ ಅಕ್ಕ ಅವಸರದಲ್ಲಿ ಬಟ್ಟಲನ್ನೂ ಕಾರ್ಡನ್ನೂ ಮರೆತು, ನನ್ನ ಹೆಸರು ಕಂಡ ಡಬ್ಬಿಯ ಕೆಳಗಿನ ಅಂತಸ್ತಿಗೆ ತುಂಬಿ ತಂದುಬಿಟ್ಟರು. ಗಂಡ ಮನೆಯಲ್ಲೇ ಇದ್ದ. ಅವರ ಕೈಯಿಂದ ತೆಗೆದುಕೊಂಡು ಮೇಲಿನ ಅಂತಸ್ತು ತೆರೆದ. ಕಾರ್ಡಿನಲ್ಲಿ ನನ್ನ ಫೋಟೋ ಇತ್ತು.

ಡಬ್ಬಿಯಿಂದಲೇ ನನ್ನ ಹಣೆಗೆ ಬಾರಿಸಿದ. ಬಿಸಿ ಪಾಯಸ, ರಕ್ತ ಎರಡೂ ಕಣ್ಣಿಗಿಳಿದವು. ಜುಟ್ಟು ಹಿಡಿದು ಗೋಡೆಗೆ ಜಪ್ಪಿದ. ಅಷ್ಟರಲ್ಲಿ ಅಕ್ಕ ಎದುರುಮನೆಗೆ ಓಡಿ ಕುಟ್ಟಾಣಿಯ ಗುಂಡುಕಲ್ಲು ತಂದು, ಹೊಡೆಯಲು ಮತ್ತೆ ಎತ್ತಿದ ಅವನ ಕೈಯ ಮಣಿಕಟ್ಟಿಗೆ ಬೀಸಿದರು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಸುಳ್ಳೇಕೆ ಹೇಳಲಿ, ಸಂತೋಷವಾಯಿತು.

“ನನ್ನ ಬೆರಳು ಮುರ್ದಾಗ ಈ ವಠಾರವೆಲ್ಲ ಬಾಗ್ಲು ಹಾಕ್ಕೊಂಡಿತ್ತು,” ಎಂದರು ಅಕ್ಕ, ಏದುಸಿರಿನಲ್ಲಿ. “ಹೋಗಪ್ಪ, ಸ್ಟೇಷನ್ನಿಗೆ ಹೋಗು. ಎದುರುಮನೆ ಹೆಂಗಸು ಹೊಡೆದ್ಲು ಅಂತ ಬರೆಸು.”

ಅವನು ಸ್ಟೇಷನ್ನಿಗೆ ಹೋಗಲಿಲ್ಲ. ಆಸ್ಪತ್ರೆಯಲ್ಲಿ, ಬಚ್ಚಲಲ್ಲಿ ಜಾರಿಬಿದ್ದೆ ಎಂದನಂತೆ.

ನಾನು ಅಂದೇ ಅಕ್ಕನ ಮನೆ ಸೇರಿದೆ. ಸೋಮವಾರ ಹಣೆಯಲ್ಲಿ ಹೊಲಿಗೆ, ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಅಕ್ಕ ನಗ್ಗಿದ ಅದೇ ಡಬ್ಬಿಗೆ ಸಿಪ್ಪೆ ಚಟ್ನಿಯ ಅನ್ನ ತುಂಬಿ ಕೈಗಿಟ್ಟರು. “ಇವತ್ತು ಹೋಗ್ದಿದ್ರೆ ಇನ್ಯಾವತ್ತೂ ಹೋಗಲ್ಲ ನೀನು,” ಎಂದರು. ಅತ್ತುಕೊಂಡೇ ಹೋದೆ.

ಹೋದ ವರ್ಷ ಸಕ್ಕರೆ ಕಾಯಿಲೆ ಅಕ್ಕನನ್ನು ಕೊಂಡೊಯ್ದಿತು. ಹೆಣ ಮಲಗಿಸಿ ಕೈ ಜೋಡಿಸುವಾಗ ಯಾರೋ ಆ ಮಡಿಚಿದ ಬೆರಳನ್ನು ಬಲವಂತವಾಗಿ ನೆಟ್ಟಗೆ ಮಾಡಲು ಹೋದರು. ಹಾಗೆ ಮಾಡಹೋದವರ ಕೈಗೆ ರಪ್ಪನೆ ಹೊಡೆದುಬಿಟ್ಟೆ.

ಅಕ್ಕನ ಕುಟ್ಟಾಣಿ ಈಗ ನನ್ನ ಬಳಿ ಇದೆ. ಬೆಳಿಗ್ಗೆ ಅವನ ಮುಖ ನೆನೆಸಿಕೊಂಡು ಬೆಳ್ಳುಳ್ಳಿ ಜಜ್ಜುತ್ತೇನೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಆಮೇಲೆ ಒಂದೇ ಒಂದು ಡಬ್ಬಿ ಕಟ್ಟುತ್ತೇನೆ, ನನಗೆ.