ಹೇಳದೆ ಅಂಗಳ ದಾಟದ ಉಮ್ಮ

ಪಕ್ಕದ ಮನೆಯ ಉಮ್ಮನ ಬಲಗೈಯ ಬೆರಳ ತುದಿಗಳು ಹೊಗೆಸೊಪ್ಪಿನಿಂದ ಕಂದು ತಿರುಗಿದ್ದವು. ನಲವತ್ತು ವರ್ಷ ಬೀಡಿ ಕಟ್ಟಿದ ಕೈ. ತೊಳೆದರೆ ಹೋಗುವ ಬಣ್ಣವಲ್ಲ. ಆದರೂ ನನ್ನ ಮಗಳನ್ನು ಎತ್ತಿಕೊಳ್ಳುವ ಮೊದಲು ಅವರು ಅರ್ಧ ಲಿಂಬೆ ತಿಕ್ಕಿ ಕೈ ತೊಳೆಯದ ದಿನವಿಲ್ಲ. ಸಂಜೆ ಮಗು ನನ್ನ ಕೈಗೆ ಬರುವಾಗ ಅದರ ಕೂದಲಲ್ಲಿ ಲಿಂಬೆಯ ವಾಸನೆ ಇರುತ್ತಿತ್ತು.

ಸಿದ್ಧಕಟ್ಟೆಯಲ್ಲಿ ನಮ್ಮ ಬಾಡಿಗೆ ಮನೆಗೂ ಅವರ ಮನೆಗೂ ನಡುವೆ ಒಂದು ದಾಸವಾಳದ ಬೇಲಿ. ಅವರ ಮಕ್ಕಳು ತಾಯಿಗೆ ಉಮ್ಮ ಎನ್ನುವುದು ಕೇಳಿ ನಾವೂ ಹಾಗೆಯೇ ಕರೆಯುತ್ತಿದ್ದೆವು. ಮಗಳಿಗೆ ಒಂದೂವರೆ ವರ್ಷವಾಗಿದ್ದಾಗ, ಅವಳಿನ್ನೂ ಮಲಗಿರುವಾಗಲೇ ಬೈಕ್ ಹತ್ತಿ ಕೆಲಸಕ್ಕೆ ಹೋದ ನನ್ನ ಗಂಡ ಬಂಟ್ವಾಳದ ರಸ್ತೆಯಲ್ಲಿ ಅಪಘಾತವಾಗಿ ಹಿಂತಿರುಗಲಿಲ್ಲ. ಆರು ತಿಂಗಳ ನಂತರ, ಹೆರಿಗೆಗೆಂದು ಬಿಟ್ಟಿದ್ದ ಮಿಜಾರಿನ ಕಚೇರಿ ಕೆಲಸಕ್ಕೆ ಮತ್ತೆ ಕರೆ ಬಂತು. ಮಗುವನ್ನು ಬಿಡುವುದೆಲ್ಲಿ? ಅತ್ತೆಗೆ ಸೊಂಟನೋವು, ತಂಗಿಗೆ ಅವಳದೇ ಎರಡು, ಮೂಡುಬಿದಿರೆಯ ಶಿಶುವಿಹಾರದವರು ಮೂರು ವರ್ಷ ತುಂಬಲಿ ಎಂದರು. 'ಪಾಪ' ಎನ್ನುವವರಿಗೆ ಬರವಿರಲಿಲ್ಲ, ಮಗುವನ್ನು ಎತ್ತಿಕೊಳ್ಳುವವರಿಗಿತ್ತು.

"ನೀನು ಹೋಗು ಮಗಾ. ಎಂಥ ಹೆದರಿಕೆ? ನಾನಿಲ್ವಾ?" ಎಂದು ಉಮ್ಮ ಬೇಲಿಯಾಚೆಯಿಂದ ಹೇಳಿದರು.

ಅಂದಿನಿಂದ ಮಗು ಎಚ್ಚರವಿರುವಷ್ಟು ಹೊತ್ತು ಅವರು ಬೀಡಿ ಎಲೆ, ಹೊಗೆಸೊಪ್ಪು ಹಾಕಿಕೊಳ್ಳುವ ಗೆರಸೆ ಮುಟ್ಟಲಿಲ್ಲ. "ಆ ಧೂಳು ಮಕ್ಕಳಿಗೆ ಆಗ್ಲಿಕ್ಕಿಲ್ಲ" ಎಂದು ಅದು ಮಲಗಿದ ಮೇಲೆ ಹಿತ್ತಿಲಲ್ಲಿ ಕೂತು ಕಟ್ಟುತ್ತಿದ್ದರು. ಬೀಡಿ ಕಡಿಮೆಯಾಯಿತೆಂದು, ಕಟ್ಟಿದ್ದನ್ನು ಎಣಿಸಿ ಕೊಳ್ಳುವ ಬ್ರಾಂಚಿನವ ಗೊಣಗಿದರೆ, "ಬೀಡಿ ನಾಳೆಯೂ ಕಟ್ಬಹುದು ಮಾರಾಯ, ಮಗು ನಾಳೆ ಇಷ್ಟೇ ಇರ್ತದಾ?" ಎನ್ನುತ್ತಿದ್ದರು.

ಮೊದಲ ವಾರ ನಾನೊಂದು ಜಾಣತನ ಮಾಡಿದೆ. ಮಗು ಕೋಳಿಮರಿ ನೋಡುತ್ತಿದ್ದಾಗ, ಅಳಿಸುವುದು ಯಾಕೆ ಎಂದು ಮೆಲ್ಲನೆ ಜಾರಿಕೊಂಡು ಬಸ್ಸು ಹತ್ತಿದೆ. ಸಂಜೆ ಬಂದಾಗ ಮಗು ಅವರ ಹೊಸ್ತಿಲಲ್ಲಿ ಕೂತಿತ್ತು, ಊಟ ಮಾಡಿರಲಿಲ್ಲ. ಉಮ್ಮ ನನ್ನನ್ನು ಬೈದದ್ದು ಅದೊಂದೇ ಸಲ.

"ಬಸ್ಸಿನ ಶಬ್ದ ಕೇಳಿದಾಗೆಲ್ಲ ಓಡಿ ಹೋಗಿ ನೋಡ್ತದೆ. ಅದರಪ್ಪ ಹಾಗೆ ಹೋಗಿ ಆಯ್ತು, ಇನ್ನು ನೀನೂ ಹಾಗೆ ಹೋಗುವುದಾ? ಅತ್ತರೆ ಅಳಲಿ. 'ಬರ್ತೇನೆ' ಅಂತ ಹೇಳಿ ಹೋಗ್ಬೇಕು."

ಮರುದಿನದಿಂದ ಹೇಳಿಯೇ ಹೋದೆ. ಮಗು ಊರಿಗೆಲ್ಲ ಕೇಳುವಂತೆ ಅತ್ತಿತು, ಹತ್ತು ದಿನದಲ್ಲಿ ಕೈ ಬೀಸಲು ಕಲಿತಿತು. ಉಮ್ಮನದೂ ಅದೇ ನೇಮ. ಬೀಡಿ ಕೊಡಲು ಹೋಗುವುದಿರಲಿ, ನೀರು ಸೇದಲು ಬಾವಿಕಟ್ಟೆಗೆ ಹೋಗುವಾಗಲೂ "ಬರ್ತೇನೆ, ಆಯ್ತಾ?" ಎಂದು ಕೇಳಿ, ಅದು ತಲೆಯಾಡಿಸುವ ತನಕ ನಿಲ್ಲುತ್ತಿದ್ದರು. ನನಗೆ ನಗು ಬರುತ್ತಿತ್ತು. ನನ್ನ ಮಗಳು ಹೆದರದೆ ಬೆಳೆದದ್ದು ಆ ಒಂದು ಮಾತಿನಿಂದ ಎಂದು ಆಗ ತಿಳಿದಿರಲಿಲ್ಲ.

ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ, ಬೆಳಗಿನ ನಮಾಜಿಗೆ ಎದ್ದ ಉಮ್ಮ ಅಲ್ಲೇ ಒರಗಿದರು. ಅವರ ಸೊಸೆ ಬೇಲಿಯ ಬಳಿ ನಿಂತು ನನ್ನನ್ನು ಕೂಗಿದಾಗ ಮಗಳು ಮಲಗಿದ್ದಳು. ನನಗೆ ಬುದ್ಧಿಯೇ ಓಡಲಿಲ್ಲ. ಇಷ್ಟು ಚಿಕ್ಕವಳು ಹೆಣ ನೋಡುವುದು ಬೇಡ ಎಂದುಕೊಂಡು ಬೇಗ ಬೇಗ ಸ್ನಾನ ಮಾಡಿಸಿ ಹಿಂಬಾಗಿಲಿನಿಂದ ಕರೆದುಕೊಂಡು ಹೊರಟೆ.

"ಉಮ್ಮನಿಗೆ ಬರ್ತೇನೆ ಹೇಳ್ಲಿಕ್ಕುಂಟು" ಎಂದು ಕೈ ಎಳೆದಳು.

"ಮಲಗಿದ್ದಾರೆ. ಎಬ್ಬಿಸುವುದು ಬೇಡ" ಎಂದು ಶಾಲೆಯ ವ್ಯಾನು ಹತ್ತಿಸಿದೆ.

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಉಮ್ಮನನ್ನು ಮಸೀದಿಗೆ ಒಯ್ದರು. ಸಂಜೆ ಮಗಳು ಬರುವಾಗ ದಫನವಾಗಿತ್ತು. ಅವಳು ಆ ಮನೆಯೊಳಗೆಲ್ಲ ಹುಡುಕಿ, ಗೋಡೆಗೆ ಒರಗಿಸಿಟ್ಟ ಗೆರಸೆ ನೋಡಿ ಬಂದಳು.

"ಉಮ್ಮ ನನಗೆ ಹೇಳದೆ ಹೋದ್ರಾ?"

ನಾನು "ಹೌದು ಮಗಾ" ಎಂದುಬಿಟ್ಟೆ.

ಅವಳು ಅಳಲಿಲ್ಲ. ಆಮೇಲೆ ಬೇಲಿಯ ಕಡೆ ನೋಡುವುದನ್ನೇ ಬಿಟ್ಟಳು. ಮೊನ್ನೆ ಹಬ್ಬಕ್ಕೆ ಸೊಸೆ ತಿಂಡಿ ತಂದಾಗ, "ಉಮ್ಮನ ಮನೆಯದ್ದು ನನಗೆ ಬೇಡ" ಎಂದು ಒಳಗೆ ಹೋದಳು.

ಅವರು ಅವಳಿಗೆ ಹೇಳದೆ ಅಂಗಳ ದಾಟಿದವರಲ್ಲ. ಆ ಬೆಳಿಗ್ಗೆ ಮಗಳನ್ನು ಹಿಂಬಾಗಿಲಿನಿಂದ ಕರೆದೊಯ್ದು, 'ಬರ್ತೇನೆ' ಹೇಳಲು ಬಿಡದವಳು ನಾನು. ಅದನ್ನು ಮಗಳಿಗೆ ಹೇಳಬೇಕೆಂದು ದಿನಾ ಬೆಳಿಗ್ಗೆ ಬಾಯಿ ತೆರೆಯುತ್ತೇನೆ. "ಬರ್ತೇನೆ ಮಗಾ" ಎಂದಷ್ಟೇ ಹೇಳಿ ಬಸ್ಸು ಹತ್ತುತ್ತೇನೆ.